ಜಕ್ಕಪ್ಪನ ಮೀಸೆ, ಬೀರದೇವನ ಜವಳ

ಸತ್ತಿ ಊರಿನಲ್ಲಿ ಜಕ್ಕಪ್ಪ ಎಂಬ ಹೆಸರಿನವರು ನಾಲ್ಕು ಜನ. ಡೇರಿ ಜಕ್ಕಪ್ಪ, ಟ್ರ್ಯಾಕ್ಟರ್ ಜಕ್ಕಪ್ಪ, ಏನೂ ಮಾಡದೆ ಕಟ್ಟೆಯ ಮೇಲೆ ಕೂಡುವುದರಿಂದ ಕಟ್ಟೆ ಜಕ್ಕಪ್ಪ, ಮತ್ತು ನಮ್ಮ ಕಾಲು ಕಟ್ಟದ ಜಕ್ಕಪ್ಪ. ಇವನಿಗೆ ಈ ಹೆಸರು ಬಂದದ್ದು ಕೆಲಸದಿಂದ. ಕುರಿಗಳ ಉಣ್ಣೆ ಕತ್ತರಿಸುವುದು ಅವನ ಕಸುಬು. ಉಳಿದವರೆಲ್ಲ ಕುರಿಯನ್ನು ಕೆಡವಿ, ನಾಲ್ಕೂ ಕಾಲು ಜೋಡಿಸಿ ಹಗ್ಗ ಬಿಗಿದು, ಆಮೇಲೆ ಕತ್ತರಿ ಕೈಗೆ ತೆಗೆದುಕೊಳ್ಳುತ್ತಾರೆ. ಜಕ್ಕಪ್ಪ ಹಗ್ಗವನ್ನೇ ಮುಟ್ಟುವವನಲ್ಲ. ಕುರಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊದಲು ತನ್ನ ಅಂಗೈಯನ್ನು ಅದಕ್ಕೆ ಮೂಸಲು ಕೊಡುತ್ತಾನೆ. ಗಂಟಲಲ್ಲೇ 'ಹುರ್ರ್ ಹೋ, ಹುರ್ರ್ ಹೋ' ಎಂದು ಒಂದು ಸಣ್ಣ ದನಿ ತೆಗೆಯುತ್ತಾನೆ. ಸ್ವಲ್ಪ ಹೊತ್ತಿಗೆ ಕುರಿ ತಾನಾಗಿಯೇ ಅವನ ಮೊಣಕಾಲಿಗೆ ಒರಗಿ, ಮಾಡುವುದೇನಿದೆಯೋ ಮಾಡಿ ಮುಗಿಸು ಎಂಬಂತೆ ಕಣ್ಣು ಅರೆಮುಚ್ಚುತ್ತದೆ.

"ಕುರಿ ಒದ್ದಾಡೂದು ಅಂಜಿ. ಅಂಜಿಕಿ ಬಿಡಿಸೂದು ಬಿಟ್ಟು ಕಾಲ್ ಕಟ್ಟಿದ್ರ ಏನ್ ಬಂತು?" ಎಂಬುದು ಅವನ ಮಾತು. ಈ ಮಾತನ್ನು ಅವನು ನಲವತ್ತು ವರ್ಷಗಳಿಂದ ಹೇಳುತ್ತಲೇ ಇದ್ದಾನೆ, ಕೇಳದವರಿಗೂ ಹೇಳುತ್ತಾನೆ.

ಒಮ್ಮೆ ಹಾರೂಗೇರಿಯ ಸಾಹುಕಾರರೊಬ್ಬರ ಟಗರು ಇಬ್ಬರು ಆಳುಗಳನ್ನು ಗುದ್ದಿ ಕೆಡವಿತ್ತು. ಜಕ್ಕಪ್ಪನನ್ನು ಕರೆಸಿದರು. ಇವನು ಹೋಗಿ ಟಗರಿನ ಎದುರು ಸುಮ್ಮನೆ ಕೂತ. ಮಧ್ಯಾಹ್ನದ ಊಟದ ಹೊತ್ತಾಯಿತು, ಚಹಾದ ಹೊತ್ತಾಯಿತು, ಕೂತೇ ಇದ್ದ. "ಇವಾ ಉಣ್ಣಿ ಕತ್ರಸಾಕ ಬಂದಾನೋ, ಟಗರಿನ ಜೋಡಿ ಸಂಸಾರ ಮಾಡಾಕ ಬಂದಾನೋ" ಎಂದು ಸಾಹುಕಾರರ ಮನೆಯವರೆಲ್ಲ ನಕ್ಕರು. ಹೊತ್ತು ಮುಳುಗುವ ಮುಂಚೆ ಆ ಟಗರು ಬಂದು ಇವನ ತೊಡೆಯ ಮೇಲೆ ತಲೆ ಇಟ್ಟಿತು. ಆಮೇಲೆ ನಗುವವರು ಯಾರೂ ಇರಲಿಲ್ಲ.

ಇಂಥವನಿಗೆ ಸ್ವಲ್ಪ ಗರ್ವ ಇದ್ದರೆ ತಪ್ಪೇನು? ಇತ್ತು. ಆ ಗರ್ವವೆಲ್ಲ ಅವನ ಮೀಸೆಯಲ್ಲಿತ್ತು. ಎರಡೂ ಕೆನ್ನೆಗೆ ಹರಡಿಕೊಂಡ, ತುದಿ ಮೇಲೇರಿದ ಬಿಳಿ ಮೀಸೆ. ತಾಯಿ ತಂದೆ ಒಂದೇ ವರ್ಷದಲ್ಲಿ ತೀರಿಕೊಂಡಾಗ ಪದ್ಧತಿಯಂತೆ ತೆಗೆಸಿದ್ದ. ಅದಾದ ಮೇಲೆ ಅದಕ್ಕೆ ಕತ್ತಿ ಮುಟ್ಟಿಲ್ಲ. ಹೆಂಡತಿ ತಾರವ್ವ ಆ ಮನೆಗೆ ಮದುವೆಯಾಗಿ ಬಂದದ್ದು ಅದರ ಮರುವರ್ಷ. ಹಾಗಾಗಿ ಅವಳು ಗಂಡನ ಮೇಲ್ತುಟಿಯನ್ನು ಕಂಡವಳೇ ಅಲ್ಲ. ಬೆಳಿಗ್ಗೆ ಎದ್ದು ಅವನು ಮೀಸೆಗೆ ಕೊಬ್ಬರಿ ಎಣ್ಣೆ ಹಚ್ಚುವಾಗ "ಅದರ ಹಿಂದ ತುಟಿ ಐತೋ ಇಲ್ಲೋ, ದೇವರಿಗೇ ಗೊತ್ತು" ಎನ್ನುತ್ತಿದ್ದಳು.

ಆ ಮೀಸೆಯನ್ನು ಹಿಡಿದು ಜಗ್ಗುವ ಹಕ್ಕು ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಇತ್ತು. ಅವನೇ ಮೊಮ್ಮಗ ಬೀರದೇವ. ಮೂರು ತುಂಬಲು ಇನ್ನೂ ಎರಡು ತಿಂಗಳಿದ್ದ ಕೂಸು. ಅವನಪ್ಪ ಲಕ್ಷ್ಮಣ ಬೆಳಗಾದರೆ ಕುರಿ ಹಿಂಡಿನ ಹಿಂದೆ ಹೋಗಿಬಿಡುತ್ತಾನೆ. ಅವ್ವ ಉಜ್ವಲಾಳಿಗೆ ಅಡಿಗೆ, ಹೊಲ, ಹಾಲು ಎಂದು ಕೈತುಂಬ ಕೆಲಸ. ಆದ್ದರಿಂದ ಬೀರದೇವ ಬೆಳೆದದ್ದು ಹೆಚ್ಚಾಗಿ ಅಜ್ಜನ, ಅವನ ಬಾಯಲ್ಲಿ ಮುತ್ಯಾನ, ತೊಡೆಯ ಮೇಲೆ. ಮಧ್ಯಾಹ್ನ ಬೇರೆಲ್ಲೂ ಮಲಗುತ್ತಿರಲಿಲ್ಲ. ಜಕ್ಕಪ್ಪ ಕಂಬಳಿ ಹೊದ್ದು ಕೂತರೆ ಅದರೊಳಗೆ ನುಸುಳಿ, ಅವನ ಹೆಗಲಿಗೆ ಮೂಗು ಒತ್ತಿ, ಉಣ್ಣೆಯ ಮತ್ತು ತಂಬಾಕಿನ ವಾಸನೆ ಎಳೆದುಕೊಳ್ಳುತ್ತ ನಿದ್ದೆ ಹೋಗುತ್ತಿದ್ದ. ಜಕ್ಕಪ್ಪನ ಕಾಲು ಜೋಮು ಹಿಡಿಯುತ್ತಿತ್ತು. ಅವನು ಅಲುಗಾಡುತ್ತಿರಲಿಲ್ಲ.

ಬೀರದೇವನಿಗೆ ಇನ್ನೂ ಜವಳ ತೆಗೆದಿರಲಿಲ್ಲ. ಹುಟ್ಟುಗೂದಲು ಹಾಗೇ ಇತ್ತು. ಒಂದನೆಯ ವರ್ಷದಲ್ಲೇ ತೆಗೆಯಬೇಕಿತ್ತು, ಆದರೆ ಅದೇ ಹೊತ್ತಿಗೆ ಉಜ್ವಲಾಳ ತವರು ಏಕಸಂಬಿಯಲ್ಲಿ ಅವಳ ಅಜ್ಜಿ ತೀರಿಕೊಂಡರು. ಮೊದಲ ಕೂದಲಿಗೆ ಕತ್ತರಿ ಹಾಕಬೇಕಾದ ಸೋದರಮಾವನೇ ಸೂತಕದಲ್ಲಿ ಕೂತ. ಎರಡನೆಯದು ಸಮ ವರ್ಷ, ತೆಗೆಯುವಂತಿಲ್ಲ. ಇನ್ನುಳಿದದ್ದು ಮೂರನೆಯ ವರ್ಷ. ಅಷ್ಟರಲ್ಲಿ ಕೂದಲು ಹೆಗಲಿಗಿಳಿದು, ಉಜ್ವಲಾ ಅದಕ್ಕೆ ಗುಲಾಬಿ ಬಣ್ಣದ ರಬ್ಬರ್ ಹಾಕಿ ಎರಡು ಜುಟ್ಟು ಕಟ್ಟುತ್ತಿದ್ದಳು. ಅಥಣಿಯ ಬಸ್ಸಿನಲ್ಲಿ ಹೆಂಗಸರು "ಏನ್ ಚಂದ ಐತ್ರಿ ಹುಡುಗಿ" ಎಂದರೆ ಬೀರದೇವ ಚಡ್ಡಿ ಇಳಿಸಿ ಉತ್ತರ ಕೊಡುತ್ತಿದ್ದ.

ಮೇ ತಿಂಗಳ ಕೊನೆಯ ಭಾನುವಾರಕ್ಕೆ ಜವಳದ ದಿನ ಹಿಡಿದರು. ಅದಕ್ಕೆ ಮೊದಲು ಕೂಸಿಗೆ ಸ್ವಲ್ಪ ರೂಢಿಯಾಗಲಿ ಎಂದು ಜಕ್ಕಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, ಬಸ್‌ಸ್ಟ್ಯಾಂಡ್ ಬಳಿಯ ವಿಶ್ವಾಸನ ಕಟಿಂಗ್ ಅಂಗಡಿಗೆ ಹೋದ. ಗ್ರಹಚಾರಕ್ಕೆ ಆ ಹೊತ್ತಿಗೆ ಅಲ್ಲಿ ಇನ್ನೊಂದು ಕೂಸು ಬಿಳಿ ಬಟ್ಟೆ ಸುತ್ತಿಕೊಂಡು, ಮೂಗು ಸುರಿಸುತ್ತ ಊರು ಕೇಳುವಂತೆ ಅಳುತ್ತಿತ್ತು. ಬೀರದೇವ ನೋಡಿದ, ಮುತ್ಯಾನ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದ, ತಾನೂ ದನಿ ಸೇರಿಸಿದ.

ವಿಶ್ವಾಸ ಕತ್ತರಿ ನಿಲ್ಲಿಸಿ ನಕ್ಕ. "ಏನ್ ಮುತ್ಯಾ, ಊರ ಕುರಿಗೆಲ್ಲಾ ಕತ್ತರಿ ಹಾಕಾಂವ ನೀ. ನಿನ್ನ ಮೊಮ್ಮಗ ಕತ್ತರಿಗೆ ಅಂಜತಾನಲ್ಲಾ!"

ಅಲ್ಲಿದ್ದವರೂ ನಕ್ಕರು. ಆ ಮಾತು ಜಕ್ಕಪ್ಪನಿಗೆ ನಾಟಿತು. "ಎಂಟ್ ದಿನ ತಡಿ. ನನ್ನ ಮೊಮ್ಮಗ ತಾನ ಬಂದು ನಿನ್ನ ಮುಂದ ತಲಿ ಕೊಡ್ತಾನ" ಎಂದು ಮೀಸೆಯ ಮೇಲೆ ಕೈಯಾಡಿಸಿ ಹೇಳಿ ಬಂದ.

ಅವನ ಉಪಾಯ ಸರಳವಾಗಿತ್ತು. ಮರುದಿನ ಮನೆಯ ಕುರಿಗಳನ್ನೇ ಕತ್ತರಿಸುವುದಿತ್ತು. ಹೊಳೆಯಲ್ಲಿ ಮೈ ತೊಳೆಸಿ ತಂದು ದೊಡ್ಡಿಯಲ್ಲಿ ನಿಲ್ಲಿಸಿದ್ದರು. ಕುರಿಯೇ ಅಂಜುವುದಿಲ್ಲ ಎಂದು ತೋರಿಸಿದರೆ ಕೂಸಿನ ಅಂಜಿಕೆ ಎಲ್ಲಿ ಉಳಿಯುತ್ತದೆ? ಬೀರದೇವನನ್ನು ದೊಡ್ಡಿಯ ಅಂಚಿನಲ್ಲಿ ಕಂಬಳಿಯ ಮೇಲೆ ಕೂರಿಸಿ, ಅವನಿಗೆ ಬಹಳ ಇಷ್ಟವಾದ ಚಂದ್ರಿ ಎಂಬ ಕುರಿಯನ್ನೇ ಮೊದಲು ಹಿಡಿದ. ಚಂದ್ರಿಗೆ ಗುಂಡ್ಯಾ ಎಂಬ ಮರಿ ಇತ್ತು. ಬೀರದೇವನಿಗೂ ಗುಂಡ್ಯಾನಿಗೂ ಜೀವದ ಗೆಳೆತನ. ಒಂದೇ ರೊಟ್ಟಿಯನ್ನು ಇಬ್ಬರೂ ಕಚ್ಚುತ್ತಿದ್ದರು.

ಕೆಲಸ ಚೆಂದವಾಗಿಯೇ ಆಯಿತು. ಚಂದ್ರಿ ಕೈ ಮೂಸಿತು, ಒರಗಿತು. ಉಣ್ಣೆ ಒಂದೇ ಪದರಾಗಿ ಕಳಚಿ ಬಂತು. ಬೀರದೇವ ಚಪ್ಪಾಳೆ ಕೂಡ ತಟ್ಟಿದ. ಜಕ್ಕಪ್ಪನ ಮೀಸೆ ಒಂದು ಬೆರಳು ಮೇಲೇರಿತು. ಚಂದ್ರಿ ಎದ್ದು ಮೈ ಕೊಡವಿ ನಿಂತಿತು. ಉಬ್ಬಿಕೊಂಡಿದ್ದ ಕುರಿ ಈಗ ಅರ್ಧಕ್ಕರ್ಧ ಇಳಿದು, ಉದ್ದ ಕುತ್ತಿಗೆ, ಸಣ್ಣ ಹೊಟ್ಟೆಯ ಬೇರೆಯೇ ಪ್ರಾಣಿಯಾಗಿತ್ತು. ಹಾಲು ಕುಡಿಯಲು ಓಡಿ ಬಂದ ಗುಂಡ್ಯಾ ನಡುದಾರಿಯಲ್ಲೇ ನಿಂತು ನೋಡಿತು, ಹಿಂದೆ ಸರಿಯಿತು, ಅವ್ವ ಎಲ್ಲಿ ಎಂದು ಅರಚುತ್ತ ದೊಡ್ಡಿಯ ತುಂಬ ಓಡಾಡತೊಡಗಿತು. ಕತ್ತರಿಸಿದ ದಿನ ಮರಿಗಳು ಹೀಗೆಯೇ ಮಾಡುತ್ತವೆ. ಆಮೇಲೆ ಮೂಸಿ ನೋಡಿ ಗುರುತು ಹಿಡಿಯುತ್ತವೆ. ಜಕ್ಕಪ್ಪ ಇದನ್ನು ಸಾವಿರ ಸಲ ನೋಡಿದವನು, ಆದ್ದರಿಂದ ಅತ್ತ ನೋಡಲೂ ಇಲ್ಲ, ಎರಡನೆಯ ಕುರಿಯನ್ನು ಹಿಡಿಯಲು ತಿರುಗಿದ. ಅಷ್ಟರಲ್ಲಿ ಉಜ್ವಲಾ ಬಂದು, ಉಣಿಸುವ ಹೊತ್ತಾಯಿತೆಂದು ಮಗನನ್ನು ಎತ್ತಿಕೊಂಡು ಮನೆಗೆ ಹೋದಳು. ಬೀರದೇವ ಅವಳ ಹೆಗಲ ಮೇಲಿಂದ ಹಿಂದೆ ನೋಡುತ್ತಲೇ ಹೋದ. ಗುಂಡ್ಯಾ ಇನ್ನೂ ಅರಚುತ್ತಲೇ ಇತ್ತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅಂದು ಸಂಜೆಯಿಂದ ಬೀರದೇವ ಕತ್ತರಿ ಕಂಡರೆ ಕಿರುಚತೊಡಗಿದ. ಆಯಿ ತಾರವ್ವ ಬದನೆಕಾಯಿ ಹೆಚ್ಚಲು ಈಳಿಗೆ ತೆಗೆದರೂ ಓಡಿಹೋದ. ಎಲ್ಲಿಂದಲೋ ಚಳಿಗಾಲದ ಮಂಕಿ ಟೋಪಿ ಹುಡುಕಿ ತಂದು, ಕಿವಿ ಮುಚ್ಚುವಂತೆ ಹಾಕಿಕೊಂಡ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಉಣ್ಣೆಯ ಟೋಪಿ. ಕೆನ್ನೆ ಕೆಂಪಾಗಿ ಬೆವರು ಧಾರಾಕಾರ ಇಳಿಯುತ್ತಿದ್ದರೂ ತೆಗೆಯಗೊಡಲಿಲ್ಲ, ಮಲಗಿದಾಗಲೂ ಎರಡೂ ಕೈಯಲ್ಲಿ ಹಿಡಿದೇ ಮಲಗಿದ.

ಇದೆಲ್ಲ ಹೋಗಲಿ. ಅವನು ಮುತ್ಯಾನ ಹತ್ತಿರ ಬರುವುದನ್ನೇ ಬಿಟ್ಟ. ಜಕ್ಕಪ್ಪ ಕಂಬಳಿ ಹೊದ್ದು ಕೂತು "ಬಾರೋ ಬೀರ್ಯಾ" ಎಂದರೆ, ಅವ್ವನ ಸೀರೆಯ ಹಿಂದೆ ಹೋಗಿ ನಿಂತು ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಳ್ಳುತ್ತಿದ್ದ. ಹುಲಿಯಂಥ ಟಗರುಗಳನ್ನು ಒಲಿಸಿದವನಿಗೆ ಒಂದು ಕೂಸು ಬೆನ್ನು ತಿರುಗಿಸಿತು. ಆ ಮಧ್ಯಾಹ್ನಗಳಲ್ಲಿ ಅವನ ತೊಡೆಗೆ ಜೋಮು ಹಿಡಿಯಲಿಲ್ಲ, ಅವನಿಗೆ ಅದೇ ನೋವು. ಊಟ ರುಚಿಸಲಿಲ್ಲ. ಮೀಸೆಗೆ ಎಣ್ಣೆ ಹಚ್ಚುವುದನ್ನೂ ಎರಡು ದಿನ ಮರೆತ.

ಮನೆಯವರೆಲ್ಲ ತಮ್ಮ ತಮ್ಮ ಮದ್ದು ಮಾಡಿದರು. ತಾರವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮಿದರು, ಬೀರದೇವ ಟೋಪಿಯಿಂದ ಮೂಗು ಮುಚ್ಚಿಕೊಂಡು ಆರಾಮವಾಗಿದ್ದ. ಉಜ್ವಲಾ ಮೊಬೈಲಿನಲ್ಲಿ ಕೂಸುಗಳು ನಗುತ್ತ ಕಟಿಂಗ್ ಮಾಡಿಸಿಕೊಳ್ಳುವ ವಿಡಿಯೊ ತೋರಿಸಿದಳು. ನೋಡಿ ಮುಗಿದ ಮೇಲೆ ಅವನು ಮೊಬೈಲಿಗೂ ಇನ್ನೊಂದು ಟೋಪಿ ಹುಡುಕಲು ಹೋದ. ಕೊನೆಗೆ ಸೋದರಮಾವ ಸುಧೀರ ಏಕಸಂಬಿಯಿಂದ ಫೋನು ಮಾಡಿ ಧೈರ್ಯ ಹೇಳಿದ. "ನೀವ್ಯಾಕ ಚಿಂತಿ ಮಾಡ್ತೀರಿ ಕಾಕಾರ? ಅವತ್ತ ನಾ ಕೈ ಗಟ್ಟಿ ಹಿಡೀತೇನಿ, ದಾಜಿ ಕಾಲ್ ಹಿಡೀಲಿ. ಎರಡ ಮಿನಿಟಿನ ಕೆಲಸ. ಎಲ್ಲಾ ಕೂಸುಗೋಳಿಗೂ ಹಂಗ ಮಾಡ್ತಾರ."

ದಾಜಿ, ಅಂದರೆ ಭಾವ ಲಕ್ಷ್ಮಣನೂ ಹೌದೆಂದು ತಲೆಯಾಡಿಸಿದ. ಜಕ್ಕಪ್ಪನಿಗೆ ಮಾತ್ರ ಇದು ಸರಿ ಕಾಣಲಿಲ್ಲ. ಕಾಲು ಹಿಡಿಯುವುದಕ್ಕೂ ಕಾಲು ಕಟ್ಟುವುದಕ್ಕೂ ಏನು ವ್ಯತ್ಯಾಸ? ಊರವರ ಕುರಿಗೂ ಮಾಡದ ಕೆಲಸವನ್ನು ತನ್ನ ಮನೆಯ ಕೂಸಿಗೆ ಮಾಡುವುದನ್ನು ನೋಡುತ್ತ ಕೂಡಬೇಕೆ? ಹಾಗೇನಾದರೂ ಆದರೆ ಆ ಹುಡುಗ ಇನ್ನೆಂದೂ ತನ್ನ ತೊಡೆಗೆ ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿ ಗೊತ್ತಿತ್ತು.

ಜವಳಕ್ಕೆ ಮೂರು ದಿನ ಉಳಿದಿತ್ತು. ಜಕ್ಕಪ್ಪ ಹೊರಗೆ ಪಡಸಾಲೆಯಲ್ಲಿ ಕತ್ತರಿಗೆ ಎಣ್ಣೆ ಬಿಡುತ್ತ ಕೂತಿದ್ದ. ಒಳಗೆ ಉಜ್ವಲಾ ರೊಟ್ಟಿ ಬಡಿಯುತ್ತಿದ್ದಳು, ಬೀರದೇವ ಅವಳ ಬೆನ್ನಿಗೆ ಅಂಟಿಕೊಂಡಿದ್ದ. ಅವರ ಮಾತು ಹೊರಗೆ ಕೇಳುತ್ತಿತ್ತು.

"ಅವ್ವಾ, ನಾ ಯಾರು?"

"ನನ್ನ ಬೀರು."

"ಟೋಪಿ ತಗದ್ರ?"

"ಟೋಪಿ ತಗದ್ರೂ ಬೀರೂನ."

"ಕೂದ್ಲಾ ತಗದ್ರ?"

ಉಜ್ವಲಾ ಚೇಷ್ಟೆಗೆ ಅಂದಳು, "ಕೂದ್ಲಾ ತಗದ್ರ ಯಾರೋ ಏನೋಪಾ! ಗುರ್ತ ಹಿಡ್ಯಾಕ ಆಕ್ಕೈತೋ ಇಲ್ಲೋ!"

ಒಳಗಿನಿಂದ ಕೂಸು ಬಿಕ್ಕಿ ಬಿಕ್ಕಿ ಅಳುವ ದನಿ ಬಂತು. ಜಕ್ಕಪ್ಪನ ಕೈಯಲ್ಲಿದ್ದ ಎಣ್ಣೆಯ ಡಬ್ಬಿ ಹಾಗೇ ನಿಂತಿತು. ಅವನ ಕಣ್ಣ ಮುಂದೆ ಗುಂಡ್ಯಾ ಮರಿ ಅರಚುತ್ತ ಓಡಾಡಿತು. ಅವ್ವ ಎದುರಿಗೇ ನಿಂತಿದ್ದರೂ ಅವ್ವ ಎಲ್ಲಿ ಎಂದು ಹುಡುಕಿದ ಮರಿ. ಅದು ಮೂಸಿ ಗುರುತು ಹಿಡಿಯುವ ಮೊದಲೇ ಕೂಸನ್ನು ಎತ್ತಿಕೊಂಡು ಹೋಗಿದ್ದರು. ಬೀರದೇವ ಕಂಡದ್ದು ಅಷ್ಟೇ. ಕೂದಲು ಹೋಯಿತು ಎಂದರೆ ಅವ್ವನೂ ಹೋದಳು!

ಅವನು ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದ. "ಯವ್ವಾ ಉಜ್ವಲಾ, ಕೂಸು ಕತ್ತರಿಗೆ ಅಂಜಿಲ್ಲವ್ವಾ. ಕೂದ್ಲಾ ಹೋದ್ರ ನೀ ತನ್ನ ಗುರ್ತ ಹಿಡ್ಯೂದಿಲ್ಲ ಅಂತ ಅಂಜೇತಿ. ಆವತ್ತ ಆ ಮರಿ ಒದರೂದಷ್ಟ ನೋಡೇತಿ ಅದು. ಮುಂದಿಂದ ನೋಡಿಲ್ಲ. ತಪ್ಪ ನನ್ನದು."

ಉಜ್ವಲಾಳ ಕಣ್ಣು ತುಂಬಿತು. ಹಿಟ್ಟಿನ ಕೈಯಲ್ಲೇ ಮಗನನ್ನು ಎದೆಗೆ ಅವಚಿಕೊಂಡು "ಮಾಝ ಬಾಳ, ನನ್ನ ಕೂಸ, ನಾ ಚೇಷ್ಟಾ ಮಾಡಿದ್ನಲ್ಲೋ" ಎಂದಳು. ಏಕಸಂಬಿಯವಳಿಗೆ ದುಃಖ ಬಂದರೆ ಮೊದಲು ಬರುವುದು ಮರಾಠಿ. ಟೋಪಿಯ ತುಂಬ ಜೋಳದ ಹಿಟ್ಟಾಯಿತು. ಕೂಸು ಮಾತ್ರ ನಂಬಲಿಲ್ಲ.

ಅವನನ್ನು ಅವ್ವನ ಕಂಕುಳಲ್ಲೇ ಕೂರಿಸಿ ದೊಡ್ಡಿಗೆ ಕರೆದೊಯ್ದರು. ಗುಂಡ್ಯಾ ಚಂದ್ರಿಯ ಕೆಳಗೆ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು. "ನೋಡಪಾ, ಅವ್ವ ಸಿಕ್ಕಾಳ" ಎಂದ ಜಕ್ಕಪ್ಪ. ಬೀರದೇವ ಬಹಳ ಹೊತ್ತು ನೋಡಿ, ಟೋಪಿಯೊಳಗಿಂದ ತೀರ್ಪು ಕೊಟ್ಟ. "ಅದು ಚಂದ್ರಿ ಅಲ್ಲ."

ಅದೂ ಸರಿಯೇ ಎನಿಸಿತು ಜಕ್ಕಪ್ಪನಿಗೆ. ಕಣ್ಣೆದುರು ಆಗದ್ದನ್ನು ಕುರಿಯೂ ನಂಬುವುದಿಲ್ಲ, ಕೂಸು ಹೇಗೆ ನಂಬೀತು? ಉಣ್ಣೆ ಇರುವ ಇನ್ನೊಂದು ಕುರಿಯನ್ನು ಕತ್ತರಿಸಿ ತೋರಿಸೋಣವೆಂದರೆ ದೊಡ್ಡಿಯಲ್ಲಿ ಒಂದೂ ಉಳಿದಿರಲಿಲ್ಲ. ಕೂಸಿಗೆ ಚೆನ್ನಾಗಿ ಗುರುತಿದ್ದ, ಮೈತುಂಬ ಕೂದಲಿದ್ದ ಪ್ರಾಣಿ ಇನ್ನಾವುದು ಎಂದು ಯೋಚಿಸುತ್ತ ಅವನು ಮೀಸೆ ತಿರುವಿದ. ತಿರುವುತ್ತಿದ್ದ ಕೈ ಅಲ್ಲೇ ನಿಂತಿತು.

ಆಮೇಲಿನ ಎರಡು ದಿನ ಅವನು ಮೀಸೆಯ ಯೋಚನೆಯನ್ನು ತನ್ನಲ್ಲೇ ಇಟ್ಟುಕೊಂಡು ತಿರುಗಿದ. ಬಿಡಲು ಮನಸ್ಸಿರಲಿಲ್ಲ ಎಂಬುದನ್ನು ಮುಚ್ಚಿಡುವುದೇಕೆ? ನಲವತ್ತು ವರ್ಷ ಸಾಕಿದ್ದು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆ ಇರುವ ನಾಡಿನಲ್ಲಿ ಮೀಸೆಯನ್ನೇ ಮಣ್ಣಿಗೆ ಹಾಕುವುದೆಂದರೆ ಸಣ್ಣ ಮಾತಲ್ಲ. ಶನಿವಾರ ಕನ್ನಡಿಯ ಮುಂದೆ ಎರಡು ಸಲ ನಿಂತ. ಎರಡನೆಯ ಸಲ ಕನ್ನಡಿಯೊಳಗೆ, ಹಿಂದೆ ಬಾಗಿಲ ಮರೆಯಲ್ಲಿ ನಿಂತು ತನ್ನನ್ನೇ ನೋಡುತ್ತಿದ್ದ ಮಂಕಿ ಟೋಪಿ ಕಂಡಿತು. ತಿರುಗುವುದರೊಳಗೆ ಟೋಪಿ ಮಾಯ. ಅಲ್ಲಿಗೆ ಮನಸ್ಸು ಗಟ್ಟಿಯಾಯಿತು.

ಭಾನುವಾರ ಬೆಳಿಗ್ಗೆ ವಿಶ್ವಾಸ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಜಕ್ಕಪ್ಪ ಮುಂದೆ ನಿಂತಿದ್ದ. ಒಳಗೆ ಹೋಗಿ ಖುರ್ಚಿಯಲ್ಲಿ ಕೂತು ರುಮಾಲು ಬಿಚ್ಚಿದ. "ತಲಿ, ಮೀಸಿ, ಎರಡೂ ನುಣ್ಣಗ ತಗಿ" ಎಂದ.

ವಿಶ್ವಾಸನ ಮುಖ ಬಿಳಿಚಿತು. ಈ ಸೀಮೆಯಲ್ಲಿ ಗಂಡಸು ತಲೆ ಮೀಸೆ ಎರಡನ್ನೂ ತೆಗೆಸುವುದು ಮನೆಯಲ್ಲಿ ಸಾವಾದಾಗ. "ಯಾರ್ ಹೋದ್ರ ಮುತ್ಯಾ? ಹತ್ತಕ್ಕ ಜವಳಕ್ಕ ಬರಬೇಕಂತ ಪೆಟ್ಟಗಿ ತಯಾರ ಮಾಡೇನಲ್ಲಾ!"

"ಯಾರೂ ಹೋಗಿಲ್ಲೋ ಮಾರಾಯಾ. ನನ್ನ ಮೊಮ್ಮಗ ಹೋಗ್ಯಾನ, ತಿರುಗಿ ಕರಕೊಂಡ ಬರಬೇಕಾಗೇತಿ. ಕತ್ತಿ ತಗಿ."

ವಿಶ್ವಾಸನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮೀಸೆಗೆ ಕತ್ತಿ ಇಡುವ ಮೊದಲು ಅದನ್ನು ಎರಡೆರಡು ಸಲ ಚರ್ಮದ ಪಟ್ಟಿಗೆ ಮಸೆದ. ಜಕ್ಕಪ್ಪ ಕಣ್ಣು ಮುಚ್ಚಿಕೊಂಡು ಗಂಟಲಲ್ಲಿ 'ಹುರ್ರ್ ಹೋ' ಎಂದುಕೊಳ್ಳುತ್ತಿದ್ದ. ಯಾರಿಗೆ ಸಮಾಧಾನ ಹೇಳುತ್ತಿದ್ದಾನೆ, ತನಗೋ ಮೀಸೆಗೋ ಎಂದು ಕೇಳುವ ಧೈರ್ಯ ವಿಶ್ವಾಸನಿಗಾಗಲಿಲ್ಲ.

ಹೊರಗೆ ಬಂದಾಗ ಗಾಳಿ ತುಟಿಯ ಮೇಲೆ ತಣ್ಣಗೆ ಆಡಿತು. ಬೋಳುತಲೆ, ಬೋಳುತುಟಿ, ಹೆಗಲ ಮೇಲೆ ರುಮಾಲು. ಹೀಗೆ ಅವನು ಮನೆಯ ದಾರಿ ಹಿಡಿದರೆ ಊರು ಸುಮ್ಮನಿರುತ್ತದೆಯೇ? ಡೇರಿ ಜಕ್ಕಪ್ಪ ಕ್ಯಾನು ಕೆಳಗಿಟ್ಟು ಕೈಮುಗಿದ. ಕಟ್ಟೆ ಜಕ್ಕಪ್ಪ ಜನ್ಮದಲ್ಲಿ ಮೊದಲ ಬಾರಿ ಕಟ್ಟೆಯಿಂದ ಇಳಿದು ಹಿಂದೆ ಹಿಂದೆ ಬಂದ. "ಯಾರೂ ಹೋಗಿಲ್ರೋ, ಎಲ್ಲಾರೂ ಅದಾರ" ಎಂದು ನಮ್ಮ ಜಕ್ಕಪ್ಪ ಹೇಳುತ್ತಲೇ ಇದ್ದ. ಪಾಪ, ದುಃಖದಲ್ಲಿ ಏನೇನೋ ಮಾತಾಡುತ್ತಿದ್ದಾನೆ ಎಂದು ಅವರು ಇನ್ನಷ್ಟು ಮರುಗಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಓಣಿಯ ತಿರುವಿಗೆ ಬರುವಷ್ಟರಲ್ಲಿ ಸುದ್ದಿ ತಾರವ್ವನೇ ಹೋದಳೆಂದು ಬೆಳೆದು, ಅವನಿಗಿಂತ ಮುಂದೆ ಹೋಗಿ ನೆರೆಮನೆಗಳನ್ನು ಮುಟ್ಟಿತ್ತು.

ಪಕ್ಕದ ಮನೆಯ ಕೆಂಚವ್ವ ಸೆರಗು ಬಾಯಿಗೆ ಒತ್ತಿಕೊಂಡು ಓಡಿ ಬಂದು, ಜಕ್ಕಪ್ಪನ ಅಂಗಳದಲ್ಲಿ ಕುಸಿದು ಕೂತು ಹಾಡಿ ಅಳತೊಡಗಿದಳು. "ಅಯ್ಯೋ ನನ್ನ ತಾರವ್ವಾ! ನಿನ್ನಿ ಸಂಜೀಕ ಸಕ್ಕರಿ ಕೊಟ್ಟಿದ್ದೆಲ್ಲಬೇ! ನನ್ನ ಬಿಟ್ಟು ಹ್ಯಾಂಗ ಹೋದಿ!"

ಒಳಗೆ ಹೋಳಿಗೆಯ ಹೂರಣ ರುಬ್ಬುತ್ತಿದ್ದ ತಾರವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಯಾಕಬೇ ಕೆಂಚಿ, ಹಾಡಹಗಲ ಏನಾತ ನಿನಗ?"

ಕೆಂಚವ್ವ ತಲೆಯೆತ್ತಿ ನೋಡಿದಳು, ಹಾಡು ನಡುವೆಯೇ ನಿಂತಿತು. ಸತ್ತವಳು ಎದುರು ನಿಂತು ಮಾತಾಡುತ್ತಿದ್ದಾಳೆ. ಅಷ್ಟರಲ್ಲಿ ಜಕ್ಕಪ್ಪ ಅಂಗಳಕ್ಕೆ ಕಾಲಿಟ್ಟ. ಹಿಂದೆ ಹತ್ತು ಹನ್ನೆರಡು ಜನ. ತಾರವ್ವ ಆ ಬೋಳು ಮುಖವನ್ನು ಮೇಲಿಂದ ಕೆಳಗೆ ನೋಡಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಪರಗಂಡಸಿಗೆ ಕೇಳುವ ಹಾಗೆ ಕೇಳಿದಳು. "ಯಾರ ಬೇಕಾಗಿತ್ರಿ? ಮನ್ಯಾಗ ಅವ್ರಿಲ್ರಿ."

ಅಂಗಳವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ, ಕಣ್ಣೀರು ಒರೆಸಿಕೊಳ್ಳುತ್ತ ನಕ್ಕವಳು ಕೆಂಚವ್ವ. ಏಕಸಂಬಿಯಿಂದ ಹೊಸ ಬಟ್ಟೆಯ ಗಂಟು ಹಿಡಿದು ಆಗತಾನೆ ಬಂದು ಮೋಟರ್ ಸೈಕಲ್ ನಿಲ್ಲಿಸುತ್ತಿದ್ದ ಸುಧೀರ ಏನೂ ಅರ್ಥವಾಗದೆ ನಿಂತಲ್ಲೇ ನಿಂತ.

ನಗದೆ ಇದ್ದವರು ಇಬ್ಬರೇ. ಒಬ್ಬ ಜಕ್ಕಪ್ಪ. ಇನ್ನೊಬ್ಬ, ಹೊಸ್ತಿಲಲ್ಲಿ ಉಜ್ವಲಾಳ ಸೀರೆ ಹಿಡಿದು ನಿಂತ ಬೀರದೇವ. ಅವನು ಬಂದ ಮನುಷ್ಯನನ್ನು ನೋಡಿದ. ಮುತ್ಯಾನ ಅಂಗಿ, ಮುತ್ಯಾನ ಧೋತರ. ಮೇಲೆ ಮುಖ ಮಾತ್ರ ಬೇರೆ ಯಾರದೋ. ಕೂಸಿನ ತುಟಿ ಅಳಲು ಸೊಟ್ಟಗಾಯಿತು.

"ಎಲ್ಲಾರೂ ಸುಮ್ಕಿರ್ರಿ" ಎಂದ ಜಕ್ಕಪ್ಪ, ಮೆಲ್ಲಗೆ. ಅಂಗಳದ ನಡುವೆ ಕಂಬಳಿ ಹಾಸಿ ಕೂತ. ಬಾ ಎಂದು ಕರೆಯಲಿಲ್ಲ, ಕೈ ಚಾಚಲಿಲ್ಲ. ಅಂಗೈಯನ್ನು ಮಾತ್ರ ಮೇಲ್ಮುಖ ಮಾಡಿ ಮೊಣಕಾಲ ಮೇಲಿಟ್ಟುಕೊಂಡು, ನೆಲ ನೋಡುತ್ತ, ಗಂಟಲಲ್ಲಿ ದನಿ ತೆಗೆದ. "ಹುರ್ರ್ ಹೋ, ಹುರ್ರ್ ಹೋ."

ಜವಳದ ಮುಹೂರ್ತ ಹತ್ತಿರವಾಗುತ್ತಿತ್ತು. ಸುಧೀರ ಗಡಿಯಾರ ನೋಡಿದ, ಲಕ್ಷ್ಮಣ ಅವನ ಕೈ ಅದುಮಿದ. ಬೀರದೇವ ಒಂದು ಹೆಜ್ಜೆ ಇಟ್ಟ, ಹಿಂದೆ ತಿರುಗಿ ಅವ್ವನನ್ನು ನೋಡಿದ, ಇನ್ನೊಂದು ಹೆಜ್ಜೆ ಇಟ್ಟ. ಹತ್ತಿರ ಬಂದು ನಿಂತ. ಬೆರಳು ಚಾಚಿ ಆ ಬೋಳು ತುಟಿಯನ್ನು ಮುಟ್ಟಿ ತಟ್ಟನೆ ಹಿಂದಕ್ಕೆ ತೆಗೆದ. ಜಕ್ಕಪ್ಪ ನೆಲದಿಂದ ಕಣ್ಣೆತ್ತಲಿಲ್ಲ. ನಲವತ್ತು ವರ್ಷದಲ್ಲಿ ಯಾವ ಕುರಿಯ ಮುಂದೆಯೂ ಅವನಿಗೆ ಇಷ್ಟು ಅಂಜಿಕೆಯಾಗಿರಲಿಲ್ಲ. ಇದು ತಪ್ಪಿದರೆ ಮೀಸೆಯೂ ಹೋಯಿತು, ಮೊಮ್ಮಗನೂ ಹೋದ.

ಕೂಸು ಬಗ್ಗಿ, ಮುತ್ಯಾನ ಹೆಗಲಿಗೆ ಮೂಗು ಒತ್ತಿತು. ಒಮ್ಮೆ ಮೂಸಿತು. ಇನ್ನೊಮ್ಮೆ, ಉದ್ದಕ್ಕೆ ಉಸಿರೆಳೆದು ಮೂಸಿತು. ಉಣ್ಣೆ ಮತ್ತು ತಂಬಾಕು.

"ಮುತ್ಯಾ!" ಎಂದ ಬೀರದೇವ. ದೊಡ್ಡಿಯಲ್ಲಿ ಕಳೆದುಹೋದ ಕುರಿಯನ್ನು ತಾನೇ ಹುಡುಕಿ ತಂದವನಂತೆ ಸುತ್ತಲೂ ನೋಡಿ, ಎಲ್ಲರಿಗೂ ಕೂಗಿ ಹೇಳಿದ. "ಮುತ್ಯಾ ಅದಾನ!"

ಜಕ್ಕಪ್ಪನ ಕಣ್ಣೀರು ಇಳಿದು, ತಡೆಯಲು ಮೀಸೆ ಇಲ್ಲದೆ, ನೇರ ಬಾಯಿಗೆ ಬಂತು.

ಬೀರದೇವ ಆ ಬೋಳುತಲೆಯನ್ನು ಒಮ್ಮೆ ಸವರಿದ. ಆಮೇಲೆ ಎರಡೂ ಕೈಯಲ್ಲಿ ಮಂಕಿ ಟೋಪಿಯನ್ನು ಹಿಡಿದು ತಾನೇ ಕಳಚಿದ. ಬೆವರಿಗೆ ಅಂಟಿಕೊಂಡ ಕೂದಲು ಹೊರಬಂತು. ತಲೆಯನ್ನು ಮುತ್ಯಾನ ಮೂಗಿಗೆ ಒತ್ತಿ ಕೇಳಿದ. "ನಾ ಯಾರು?"

ಜಕ್ಕಪ್ಪ ಕಣ್ಣು ಮುಚ್ಚಿಕೊಂಡು ಮೂಸಿದ. "ನೀ ನಮ್ಮ ಬೀರ್ಯಾ. ಕೂದ್ಲಾ ಇದ್ರೂ ಬೀರ್ಯಾ, ಇಲ್ಲದಿದ್ರೂ ಬೀರ್ಯಾ."

ಮುಂದಿನದೆಲ್ಲ ಸಲೀಸು. ಸೋದರಮಾವನ ತೊಡೆಯ ಮೇಲೆ ಬೀರದೇವ ಕೂತ. ಸುಧೀರ ಅರಿಸಿನ ಹಚ್ಚಿದ ಮೊದಲ ಕೂದಲಿಗೆ ಕತ್ತರಿ ಹಾಕಿದ. ಉಳಿದದ್ದನ್ನು ವಿಶ್ವಾಸ ನೋಡಿಕೊಂಡ. ಕೈ ಹಿಡಿಯುವವರೂ ಬೇಕಾಗಲಿಲ್ಲ, ಕಾಲು ಹಿಡಿಯುವವರೂ ಬೇಕಾಗಲಿಲ್ಲ. ನಡುವೆ ಒಮ್ಮೆ ಮುಖ ಹುಳಿ ಮಾಡಿದಾಗ ಎದುರಿಗೆ ಕೂತ ಜಕ್ಕಪ್ಪ ತನ್ನ ಬೋಳುತಲೆ ಸವರಿ ತೋರಿಸಿದ. ಬೀರದೇವ ನಕ್ಕುಬಿಟ್ಟ. ಮುಗಿದ ಕೂಡಲೇ ಜಿಗಿದು ಓಡಿ, ನುಣ್ಣನೆಯ ತಲೆಯನ್ನು ಅವ್ವನ ಮೂಗಿಗೆ ಚಾಚಿದ. ಉಜ್ವಲಾ ಮೂಸಿ "ನನ್ನ ಬೀರು, ನನ್ನ ಬೀರೂನ" ಎಂದು ಮುದ್ದಿಟ್ಟಳು. ಅವನಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಆಯಿ, ಅಪ್ಪ, ಮಾಮಾ, ವಿಶ್ವಾಸ, ಕೆಂಚವ್ವ, ಬಂದ ಬಳಗವೆಲ್ಲ ಸಾಲಾಗಿ ಮೂಸಿ ಗುರುತು ಹೇಳಬೇಕಾಯಿತು. ದೊಡ್ಡಿಗೆ ಓಡಿ ಗುಂಡ್ಯಾನಿಂದಲೂ ಮೂಸಿಸಿಕೊಂಡು ಬಂದ. ಬರುವಾಗ "ಚಂದ್ರಿ ಅದಾಳ" ಎಂಬ ಸುದ್ದಿಯನ್ನೂ ತಂದ.

ತಾರವ್ವ ಗಂಡನಿಗೆ ಚಹಾ ಕೊಡಲು ಬಂದವಳು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬಗ್ಗಿ ಅವನ ಹೆಗಲು ಮೂಸಿದಳು. "ಹೂಂ, ನಮ್ಮವ್ರ ಅದಾರ" ಎಂದಳು. ಆಮೇಲೆ ಅವನ ಮೇಲ್ತುಟಿಯನ್ನು ಚೆನ್ನಾಗಿ ನೋಡಿ, "ತುಟಿ ಛಲೋ ಐತಲ್ಲಾ, ಇಷ್ಟ ದಿನ ಯಾಕ ಮುಚ್ಚಿಟ್ಟಿದ್ರಿ?" ಎಂದು ಒಳಗೆ ಹೋದಳು. ನಲವತ್ತು ವರ್ಷದ ಸಂಸಾರದಲ್ಲಿ ಜಕ್ಕಪ್ಪ ನಾಚಿದ್ದನ್ನು ಯಾರಾದರೂ ನೋಡಿದ್ದರೆ ಅದು ಅಂದೇ.

ಹೋಳಿಗೆ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬೀರದೇವ ಕಂಬಳಿಯೊಳಗೆ ನುಸುಳಿ, ಹೆಗಲಿಗೆ ಮೂಗು ಒತ್ತಿ, ಮುತ್ಯಾನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಮಂಕಿ ಟೋಪಿ ಅಂಗಳದಲ್ಲಿ ಎಲ್ಲೋ ಬಿದ್ದಿತ್ತು, ಗುಂಡ್ಯಾ ಅದನ್ನು ಅಗಿಯುತ್ತಿತ್ತು. ಲಕ್ಷ್ಮಣ ಬಂದು ಊಟಕ್ಕೆ ಏಳಲು ಹೇಳಿದ, ಜಕ್ಕಪ್ಪ ಏಳಲಿಲ್ಲ. ಅದೇ ಹೊತ್ತಿಗೆ ಹಾರೂಗೇರಿಯ ಸಾಹುಕಾರರ ಫೋನು ಬಂತು. ಕುರಿಗಳನ್ನು ಹೊಳೆಯಲ್ಲಿ ತೊಳೆಸಿ ನಿಲ್ಲಿಸಿದ್ದಾರಂತೆ, ಈಗಲೇ ಹೊರಟು ಬಾ ಎಂದರು.

"ಇವತ್ತ ಆಗೂದಿಲ್ರೀ ಸಾಹುಕಾರ್ರ" ಎಂದ ಜಕ್ಕಪ್ಪ, ಕೂಸಿಗೆ ಎಚ್ಚರವಾಗದಂತೆ ದನಿ ತಗ್ಗಿಸಿ. "ತೊಡಿ ಮ್ಯಾಲ ಒಂದ ಮರಿ ಮಲಗೇತ್ರಿ."

ಫೋನು ಕೆಳಗಿಟ್ಟ. ಕಾಲು ಆಗಲೇ ಜೋಮು ಹಿಡಿದಿತ್ತು. ಅವನು ಅಲುಗಾಡಲಿಲ್ಲ.